ಇಂದಿನ ಚಿಂತನೆ: ಕೊಂಬೆ ಹಿಡಿದ ಆನೆ

 

ನಾಗರಹೊಳೆಯ ಸಾಕಾನೆಗಳ ಬಗ್ಗೆ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಆನೆ ಸೊಂಡಿಲಲ್ಲಿ ಕೊಂಬೆ ಹಿಡಿದು ಬೀಸಿ ನೊಣ ಓಡಿಸಿಕೊಳ್ಳುವುದು ಕಾಡಂಚಿನವರಿಗೆ ಹೊಸತಲ್ಲ. ಸಂಶೋಧಕರು 13 ಆನೆಗಳಿಗೆ ಬೇಕೆಂದೇ ತೀರಾ ಉದ್ದವಾದ, ಬೀಸಲು ಬಾರದ ಕೊಂಬೆಗಳನ್ನು ಕೊಟ್ಟು ನೋಡಿದರು. 8 ಆನೆಗಳು ಅದನ್ನು ತಮಗೆ ಬೇಕಾದಂತೆ ತಿದ್ದಿಕೊಂಡವು. ಸಾಮಾನ್ಯವಾಗಿ ಕಂಡ ಕ್ರಮವೆಂದರೆ, ಕೊಂಬೆಯನ್ನು ಮುಂಗಾಲಿನಿಂದ ಮೆಟ್ಟಿ ಹಿಡಿಯುವುದು, ಸೊಂಡಿಲಿನಿಂದ ಪಕ್ಕದ ರೆಂಬೆಯನ್ನೋ ತುದಿಯನ್ನೋ ಕಿತ್ತುಕೊಳ್ಳುವುದು, ಆ ತುಂಡಿನಿಂದ ಬೀಸಿಕೊಳ್ಳುವುದು. ಬರೀ ಸಲಕರಣೆಯ ಬಳಕೆಯಲ್ಲ ಇದು, ಸಲಕರಣೆಯ ತಯಾರಿಕೆ. ಹಿಂದಿನವರು ಆನೆಗೆ ಹಸ್ತಿ, ಕರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಎರಡಕ್ಕೂ ಕೈಯುಳ್ಳದ್ದು ಎಂದೇ ಅರ್ಥ.

ಸಲಕರಣೆ ಮಾಡುವವನೇ ಮನುಷ್ಯ ಎಂಬ ವ್ಯಾಖ್ಯೆ ಬಹುಕಾಲ ನಡೆಯಿತು. 1960ರಲ್ಲಿ ಟಾಂಜಾನಿಯದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಅವರು ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಹುತ್ತಕ್ಕೆ ತೂರಿಸಿ ಗೆದ್ದಲು ಹಿಡಿದು ತಿನ್ನುವುದನ್ನು ಕಂಡರು. ಎಲೆ ಸವರಿದ ಕಡ್ಡಿಗಳನ್ನೂ ಅವು ಬಳಸುತ್ತಿದ್ದವು. ವ್ಯಾಖ್ಯೆ ಅಲ್ಲಿಗೇ ಮುರಿದುಬಿತ್ತು. ನನಗೆ ಆ ವಾದಕ್ಕಿಂತ ಇನ್ನೊಂದು ಸಂಗತಿ ಮುಖ್ಯವೆನಿಸುತ್ತದೆ.

1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಕೋತಿಗಳಿಗೆ ಒಂದು ಕುಂಟೆಯಂಥ ಕೋಲು ಕೊಟ್ಟು, ದೂರದ ತಿಂಡಿಯನ್ನು ಎಳೆದುಕೊಳ್ಳುವುದನ್ನು ಕಲಿಸಿದರು. ಕೋತಿಯ ಮಿದುಳಿನಲ್ಲಿ ಕೈಯ ಸುತ್ತಮುತ್ತ ಏನಾದರೂ ಕಂಡರೆ ಎಚ್ಚರಗೊಳ್ಳುವ ನರಕೋಶಗಳಿವೆ. ಕೋಲು ಬಳಸಿದ ಮೇಲೆ ಆ ಕೋಶಗಳು ಕೋಲಿನುದ್ದಕ್ಕೂ ಕಂಡದ್ದಕ್ಕೆ ಎಚ್ಚರಗೊಂಡವು. ಕೋಲನ್ನು ಸುಮ್ಮನೆ ಹಿಡಿದಿದ್ದರೆ ಹಾಗಾಗಲಿಲ್ಲ, ಬಳಸಿದಾಗ ಮಾತ್ರ. ಬಳಕೆಯಲ್ಲಿ ಕೋಲು ಕೈಯೊಳಗೆ ಸೇರಿಹೋಗುತ್ತದೆ ಎನ್ನೋಣ. ನಮ್ಮ ಅನುಭವವೂ ಇದೇ. ಬರೆಯುವಾಗ ಪೆನ್ನು ಕಾಣುವುದಿಲ್ಲ, ಅಕ್ಷರ ಕಾಣುತ್ತದೆ. ಕನ್ನಡಕ ಕಾಣುವುದಿಲ್ಲ, ಪುಟ ಕಾಣುತ್ತದೆ. ಶಾಯಿ ಮುಗಿದಾಗಲೇ ಪೆನ್ನಿನ ನೆನಪು.

ಪೆನ್ನು ಕಾಣದಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಜಾಗದಲ್ಲಿ ಒಂದು ಜೀವ ಇದ್ದರೆ?

ವಿಭಕ್ತಿ ಪಾಠ ಮಾಡುವಾಗ ಮೇಷ್ಟ್ರುಗಳೆಲ್ಲ ತೃತೀಯೆಗೆ ಕೊಡುವ ಉದಾಹರಣೆ 'ಕೊಡಲಿಯಿಂದ ಮರ ಕಡಿದನು'. ಪ್ರತ್ಯಯ 'ಇಂದ', ಅರ್ಥ ಕರಣ, ಎಂದರೆ ಸಾಧನ. 'ಆನೆ ಕೊಂಬೆಯಿಂದ ನೊಣ ಓಡಿಸಿತು' ಎಂದಾಗ ಆನೆ ಕರ್ತೃ, ಕೊಂಬೆ ಕರಣ. ಈಗ 'ಆನೆಯಿಂದ ಮರ ಎಳೆಸಿದರು' ಎನ್ನಿ. ಕೊಂಬೆಯ ಪ್ರತ್ಯಯ ಬಂದು ಆನೆಗೇ ಅಂಟಿತು. 'ಕೆಲಸದವಳಿಂದ ಪಾತ್ರೆ ತೊಳೆಸಿದೆವು', 'ಆಳುಗಳಿಂದ ಗೊಬ್ಬರ ಹೊರಿಸಿದೆವು'. ಕೊಡಲಿ, ಆನೆ, ಆಳು ಎಲ್ಲ ಒಂದೇ ಸಾಲಿನಲ್ಲಿ. ವ್ಯಾಕರಣವನ್ನು ಬೈದು ಪ್ರಯೋಜನವಿಲ್ಲ. 'ಗುರುಗಳಿಂದ ಉಪದೇಶ ಮಾಡಿಸಿದೆವು' ಎಂಬಲ್ಲಿಯೂ ಅದೇ 'ಇಂದ' ಇದೆ, ಅಲ್ಲಿ ಯಾರೂ ಗುರುಗಳನ್ನು ಮರೆಯುವುದಿಲ್ಲ. ಮರೆಯುವುದು ಯಾರನ್ನು ಎಂಬುದು ನಮ್ಮ ಆಯ್ಕೆ.

ಅದೇ ನಾಗರಹೊಳೆಯ ಬಳ್ಳೆ ಶಿಬಿರದಲ್ಲಿ ಅರ್ಜುನ ಇದ್ದ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕವನು. ಖೆಡ್ಡಾದಲ್ಲಿ ಕಾಡಾನೆಗೆ ಹಗ್ಗ ಬಿಗಿಯಲು ಬಳಸುತ್ತಿದ್ದುದು ಪಳಗಿದ ಆನೆಗಳನ್ನೇ. ಮುಂದೆ ಅರ್ಜುನ ಮೈಸೂರು ದಸರಾದಲ್ಲಿ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು 8 ಬಾರಿ ಹೊತ್ತ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದರು. ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತ. ನಾಡಿಗೆ ನಾಡೇ ಮರುಗಿತು. ಆ ದುಃಖ ಸುಳ್ಳಲ್ಲ. ಆದರೆ ಅರ್ಜುನನಿಗೆ ಏನು ಬೇಕಿತ್ತು ಎಂಬ ಪ್ರಶ್ನೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆದದ್ದು ಅವನು ಸತ್ತ ಮೇಲೆ. ಪೆನ್ನಿನ ಶಾಯಿ ಮುಗಿದ ಹಾಗೆ.

ಬೆಳೆ ತುಳಿಸಿಕೊಂಡ, ಮನೆಯವರನ್ನು ಕಳೆದುಕೊಂಡ ಆ ಭಾಗದ ರೈತರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಅವರ ಸಂಕಟಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆನೆಯನ್ನು ಯಾವುದಕ್ಕೂ ಬಳಸಲೇಬಾರದು ಎಂದೂ ನಾನು ಹೇಳುತ್ತಿಲ್ಲ. ಇನ್ನೊಬ್ಬರ ನೆರವಿಲ್ಲದೆ ಯಾರೂ ಒಂದು ದಿನವೂ ಬದುಕಲಾರರು. ನಾನು ಮಾಡಿಕೊಂಡಿರುವ ಅಭ್ಯಾಸ ಚಿಕ್ಕದು: ದಿನದಲ್ಲಿ 'ಇಂದ' ಹಚ್ಚಿದ ಯಾರಾದರೊಬ್ಬರನ್ನು ಆರಿಸಿ, ಅವರನ್ನೇ ಕರ್ತೃವಾಗಿ ಇಟ್ಟು ವಾಕ್ಯವನ್ನು ಮತ್ತೆ ಹೇಳಿಕೊಳ್ಳುವುದು. ಅವಳು ಪಾತ್ರೆ ತೊಳೆದಳು. ಅವಳಿಗೆ ಸೊಂಟ ನೋಯುತ್ತಿತ್ತು. ಅವಳು ಬಸ್ಸಿಗೆ ಓಡಿದಳು. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವಳ ಬಗ್ಗೆ ನಮಗೆಷ್ಟು ಕಡಿಮೆ ಗೊತ್ತು ಎಂಬುದು ಗೊತ್ತಾಗುತ್ತದೆ.

ವಿನಯಪಿಟಕದಲ್ಲಿ ಸೂಜಿ ಡಬ್ಬಿಯ ಪ್ರಸಂಗವೊಂದಿದೆ. ಕಪಿಲವಸ್ತುವಿನಲ್ಲಿ ದಂತದ ಕೆಲಸದವನೊಬ್ಬ, ಬೇಕಾದ ಭಿಕ್ಷುಗಳಿಗೆ ಸೂಜಿ ಡಬ್ಬಿ ಮಾಡಿಕೊಡುತ್ತೇನೆ ಎಂದು ಭಕ್ತಿಯಿಂದ ಹೇಳಿದ. ಭಿಕ್ಷುಗಳು ಮುಗಿಬಿದ್ದರು. ಚಿಕ್ಕ ಡಬ್ಬಿ ಇದ್ದವರು ದೊಡ್ಡದು ಕೇಳಿದರು, ದೊಡ್ಡದಿದ್ದವರು ಚಿಕ್ಕದು ಕೇಳಿದರು. ಮಾರಾಟಕ್ಕೆ ಬೇರೇನೂ ಮಾಡಲಾಗದೆ ಅವನ ಸಂಪಾದನೆ ನಿಂತಿತು, ಹೆಂಡತಿ ಮಕ್ಕಳು ಕಷ್ಟಕ್ಕೆ ಸಿಕ್ಕಿದರು. ಭಿಕ್ಷುಗಳ ಕಣ್ಣಿಗೆ ಡಬ್ಬಿ ಬಿತ್ತು, ಅದನ್ನು ಮಾಡುವವನು ಬೀಳಲಿಲ್ಲ. ವಿಷಯ ತಿಳಿದ ಬುದ್ಧರು ಮೂಳೆ, ದಂತ, ಕೊಂಬಿನ ಸೂಜಿ ಡಬ್ಬಿಗಳನ್ನು ಒಡೆಯಬೇಕೆಂದು ನಿಯಮ ಮಾಡಿದರು. (ಆ ದಂತ ಯಾವ ಆನೆಯದ್ದು ಎಂದು ಕಥೆ ಕೇಳುವುದಿಲ್ಲ. ಇವತ್ತು ಓದುವ ನಾವು ಕೇಳಬಹುದು.) ಒಡೆಯಬೇಕಾದದ್ದು ಡಬ್ಬಿ ಮಾತ್ರ. ಹರಿದ ಚೀವರ ಹೊಲಿಯುವ ಸೂಜಿ ಭಿಕ್ಷುವಿನ ಎಂಟು ಪರಿಕರಗಳಲ್ಲಿ ಇಂದಿಗೂ ಇದೆ.