ಕಳೆಯಲೆಂದೇ ಮಾಡಿದ ಗಾಯ

ಅರಿವಳಿಕೆ ಕೊಟ್ಟಾಗ ಇಲಿಯ ಮಿದುಳು ಮಂಕಾಗುತ್ತದೆ, ಮೂತ್ರಪಿಂಡ ಮಂಕಾಗುವುದಿಲ್ಲ. ಹೊಟ್ಟೆಗೆ ಕತ್ತರಿ ಬಿದ್ದ ಸುದ್ದಿ ನರಗಳಿಂದಲೂ ರಕ್ತದಲ್ಲಿ ಬೆರೆತ ಹಾರ್ಮೋನುಗಳಿಂದಲೂ ಅದಕ್ಕೆ ಮುಟ್ಟುತ್ತದೆ. ರೆನಿನ್, ವಾಸೊಪ್ರೆಸಿನ್ ಏರುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಶೋಧನೆ ಇಳಿಯುತ್ತದೆ, ದೇಹ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಫಾರ್ಮಸಿ ಮಕ್ಕಳಿಗೆ ಔಷಧಶಾಸ್ತ್ರ ಕಲಿಸುವ ನನಗೆ ಇದು ಬರೀ ಪಾಠವಾಗಿ ಉಳಿದಿಲ್ಲ. ನೋವು ಉಣ್ಣುವ ಅರಿವೇ ಇಲ್ಲದ ಹೊತ್ತಿನಲ್ಲಿ ಆದ ಗಾಯಕ್ಕೂ ಋಣವಿದೆಯೇ?

ಸಂತೇಬೆನ್ನೂರಿನಲ್ಲಿ, ಹನುಮಪ್ಪ ನಾಯಕನ ಪುಷ್ಕರಣಿಯಿಂದ ಕೂಗಳತೆಯಲ್ಲಿ ನಮ್ಮ ಮನೆ. ಅಪ್ಪ ಲಿಂಗಪೂಜೆ ಮುಗಿಯದೆ ನೀರೂ ಮುಟ್ಟುತ್ತಿರಲಿಲ್ಲ. ಅದೇ ಕೈಯಲ್ಲಿ ಮೆಕ್ಕೆಜೋಳದ ಚೀಲಗಳ ಸಂದಿಗೆ ಇಲಿ ಪಾಷಾಣ ಇಡುತ್ತಿದ್ದರು. ಲ್ಯಾಬಿನಲ್ಲಿ ನಾನು ಮಾಡುವ ಕೆಲಸ ಕೇಳಿದ ದಿನ ಅವರು ಅಂದದ್ದು ಒಂದೇ ಮಾತು: “ನಿದ್ದೆ ಬರಿಸಿ ಕೊಯ್ದ್ರೆ ಪಾಪ ಇಲ್ಲೇನವ್ವಾ?” ಪಾಷಾಣ ಇಡುವವರಿಗೆ ಇದನ್ನು ಕೇಳುವ ಹಕ್ಕಿಲ್ಲ ಎಂದು ನನಗೆ ಅನ್ನಿಸಲಿಲ್ಲ. ಗೋದಾಮಿನ ಇಲಿಗೂ ಅಪ್ಪನಿಗೂ ಕಾಳಿನ ಜಗಳವಿತ್ತು. ನನ್ನ ಪಂಜರದ ಬಿಳಿ ಇಲಿ ಯಾರ ಕಾಳನ್ನೂ ತಿಂದಿರಲಿಲ್ಲ.

ರುಕ್ಮಿಣಿ ದೇವಿ ಅರುಂಡೇಲ್ ಅವರ ಒತ್ತಾಸೆಯಿಂದ 1960ರಲ್ಲಿ ಬಂದ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಮಿನಲ್ಲಿ, ಪ್ರಯೋಗದ ಶಸ್ತ್ರಕ್ರಿಯೆಗೆ ನೋವು ತಿಳಿಯದಷ್ಟು ಅರಿವಳಿಕೆ ಬೇಕೆಂದಿದೆ. ಒಳ್ಳೆಯದೇ. ಇಲಿ, ಮೊಲ, ಕಪ್ಪೆ, ಗಿನಿಯಿಲಿಗಳಿಂದ ಕೆಲಸ ಆಗುವುದಾದರೆ ದೊಡ್ಡ ಪ್ರಾಣಿಗಳನ್ನು ಬಳಸಬೇಡಿ ಎಂದೂ ಅಲ್ಲೇ ಇದೆ. ಮೈಯ ಗಾತ್ರಕ್ಕೆ ತಕ್ಕಂತೆ ಜೀವದ ಬೆಲೆ ಕಟ್ಟುವ ಈ ಮಾತನ್ನು ನಾನು ಒಪ್ಪಲಾರೆ. ಜೈನರ ಲೆಕ್ಕದಲ್ಲಿ ಆನೆಯೂ ಇಲಿಯೂ ಪಂಚೇಂದ್ರಿಯ ಜೀವಿಗಳೇ, ನನಗೆ ಆ ಲೆಕ್ಕವೇ ಸರಿ ಕಾಣುತ್ತದೆ.

ಗಾಢನಿದ್ದೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ ಎನ್ನುತ್ತಾನಲ್ಲ, ಹಾಗಾದರೆ ಆಗಲೂ ಒಳಗೊಬ್ಬ ಸಾಕ್ಷಿ ಇದ್ದಿರಬೇಕು ಎಂಬುದು ಅದ್ವೈತಿಗಳ ವಾದ. ಇಲಿ ಎದ್ದು ಏನನ್ನೂ ಹೇಳಲಾರದು. ಅದರ ದೇಹ ಹೇಳುತ್ತದೆ. ಎಚ್ಚರವಿರುವ ಇಲಿಗಳಲ್ಲಿ ಅಳೆದು ನೋಡಿದವರಿಗೆ, ಶಸ್ತ್ರಕ್ರಿಯೆಯಾದ ಮೇಲೆ ಶೋಧನೆ ಮೊದಲಿನ ಮಟ್ಟಕ್ಕೆ ಬರಲು ದಿನಗಳೇ ಬೇಕೆಂದು ಗೊತ್ತಾಗಿದೆ. 250 ಗ್ರಾಂ ಇಲಿಯ ಮೈಯಲ್ಲಿರುವುದು ಸುಮಾರು 16 ಮಿಲಿಲೀಟರ್ ರಕ್ತ. ಹೊಟ್ಟೆ ತೆರೆದಾಗ ಒಸರಿ ಹೋಗುವ ಪ್ಲಾಸ್ಮಾವನ್ನು ತುಂಬಿಕೊಡದಿದ್ದರೆ ಮೂತ್ರಪಿಂಡಕ್ಕೆ ಬರಗಾಲ. ಯಾವ ಅರಿವಳಿಕೆ ಎಂಬುದೂ ಮುಖ್ಯ: ನಮ್ಮ ಲ್ಯಾಬುಗಳಲ್ಲಿ ಕೆಟಮಿನ್ ಜೊತೆ ಕೊಡುವ ಜೈಲಜೀನ್ ಮೂತ್ರವನ್ನು ಹೆಚ್ಚಿಸುತ್ತದೆ, ಪರೀಕ್ಷೆಗಿಟ್ಟ ಔಷಧಿಯೇ ಹೆಚ್ಚಿಸಿತೆಂದು ಬರೆದುಕೊಂಡರೆ ಸುಳ್ಳಾಯಿತು. ಇಲಿಯ ಮೇಲಿನ ಕರುಣೆಗೆಂದು ಕೊಟ್ಟದ್ದು ನಾವು ಹುಡುಕುವ ಸತ್ಯವನ್ನೇ ತಿದ್ದಿಬಿಡುತ್ತದೆ. ಹಾಗೆಂದು ಕರುಣೆಯನ್ನು ಬಿಡಲಾದೀತೇ?

ಈ ಸುಳ್ಳನ್ನು ತೆಗೆಯಲೆಂದೇ ಶ್ಯಾಮ್ ಗ್ರೂಪ್ ಇಡುತ್ತೇವೆ. ಆ ಇಲಿಗಳಿಗೂ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು, ಪರೀಕ್ಷಿಸಬೇಕಾದ್ದನ್ನು ಮಾತ್ರ ಮಾಡದೆ ಹೊಲಿಯುತ್ತೇವೆ. ಕೊಯ್ದದ್ದರಿಂದಲೇ ಎಷ್ಟು ಬದಲಾಯಿತೆಂದು ಅಳೆದು, ಉಳಿದ ಗುಂಪಿನ ಲೆಕ್ಕದಿಂದ ಕಳೆಯುತ್ತೇವೆ. ಇಷ್ಟು ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಇಲಿಗಳೇ. ಔಷಧಿ ಕುಡಿದ ಇಲಿಯ ಮುಂದೆ ನಿಂತು, ನಿನ್ನಿಂದ ಡಯಾಲಿಸಿಸ್‌ಗೆ ಹೋಗುವ ಒಬ್ಬರಿಗಾದರೂ ಒಳ್ಳೆಯದಾದೀತು ಎನ್ನಬಹುದು. ಶ್ಯಾಮ್ ಇಲಿಗೆ ಏನು ಹೇಳಲಿ? ಅದಕ್ಕಾದ ಗಾಯ ನಮ್ಮ ಕೈಯ ಪರಿಣಾಮ ನಮಗೆ ತಿಳಿಯಲೆಂದು ಆದದ್ದು. ಆದರೂ ಅದಿಲ್ಲದಿದ್ದರೆ ಉಳಿದ ಇಲಿಗಳೆಲ್ಲ ಸತ್ತದ್ದು ವ್ಯರ್ಥ. ಈ ಹಿಂಸೆಯನ್ನು ನಾನು ಒಪ್ಪಿದ್ದೇನೆ. ಪಾಪವಿಲ್ಲ ಎಂದು ಒಪ್ಪಿದ್ದಲ್ಲ, ಅಪ್ಪನ ಪ್ರಶ್ನೆಗೆ ಇದೆ ಎಂಬುದೇ ನನ್ನ ಉತ್ತರ. ಮಾಡಿದ ಮೇಲೆ ತೀರಿಸಬೇಕಾದ್ದನ್ನು ತೀರಿಸುತ್ತೇನೆಂದು ಒಪ್ಪಿದ್ದು: ಬಿಸುಪು, ಹೋದಷ್ಟು ದ್ರವ, ಎಚ್ಚರವಾದ ಮೇಲೂ ನೋವಿಗೆ ಔಷಧಿ, ಗಾಯ ಮಾಯಲು ಬಿಡುವು. ಹೀಗೆ ನೋಡಿಕೊಂಡ ಇಲಿಯ ಲೆಕ್ಕವೇ ನಂಬುವಂಥದ್ದು ಎಂಬುದು ನನಗೆ ದೊಡ್ಡ ಸಮಾಧಾನ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಶ್ಯಾಮ್ ಗುಂಪನ್ನೇ ಕೈಬಿಡೋಣ, ಅಷ್ಟು ಇಲಿಗಳಾದರೂ ಉಳಿಯುತ್ತವೆ ಎಂದಳು. ಅವಳ ಮನಸ್ಸು ನನಗೆ ಅರ್ಥವಾಯಿತು, ಆದರೂ ಬೇಡವೆಂದೆ. ಅದರ ಬದಲು ನಳಿಕೆ ಕೂರಿಸಿ, ಚೇತರಿಸಿಕೊಳ್ಳಲು ಬಿಟ್ಟು, ಕೈಗೆ ಹೊಂದಿಕೊಂಡ ಇಲಿಯಲ್ಲೇ ಔಷಧಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಎಚ್ಚರದಲ್ಲೇ ಅಳೆಯಲು ಹೇಳಿದೆ. ಆಗ ಪ್ರತಿ ಇಲಿಯೂ ತನಗೆ ತಾನೇ ಹೋಲಿಕೆ, ಎರಡೂ ಗುಂಪಿಗೆ ಕಡಿಮೆ ಇಲಿಗಳು ಸಾಕು. “ಥೀಸಿಸ್ ತಡ ಆಗುತ್ತಲ್ಲ ಮೇಡಂ” ಅಂದಳು. ಆಗಲಿ ಎಂದೆ. ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲಿ ಚೇತರಿಕೆಯ ದಿನಗಳನ್ನೂ ನೋವಿನ ಔಷಧಿಯ ಡೋಸನ್ನೂ ಅವಳ ಕೈಯಲ್ಲೇ ಬರೆಸಿದೆ.