ಇಂದಿನ ಧಮ್ಮ ಚಿಂತನೆ: ಕನಕಾಂಬರದ ಬಿಳಿ ಹುಳು



ಚಿನಕುರಳಿ ಕಡೆಯ ಒಬ್ಬ ತಾಯಿ ಕೇಳಿದರು: "ತೆಂಗಿನ ಮರದಡಿ ಅರೆನೆರಳಲ್ಲಿ ಕನಕಾಂಬರ ಇಟ್ಟಿದ್ದೀನಿ. ಹೂ ಮಾರಿಯೇ ಸಂತೆ ಖರ್ಚು. ಈಗ ಹಿಟ್ಟುತಿಗಣೆ ಹತ್ತಿದೆ. ಪಂಚಶೀಲ ತಗೊಂಡವಳು ಔಷಧಿ ಹೊಡೀಬಹುದಾ?"

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಅಹಿಂಸೆ ಕುರುಡು ನಿಯಮವಲ್ಲ, ಯೋಚಿಸಿ ನಡೆಯಬೇಕಾದ ತತ್ವ. ಹಾಗಾಗಿ ತಾಯಿ, ಗಿಡ ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅಗತ್ಯ ಎಷ್ಟೆಂದು ಮೊದಲು ನೋಡಬೇಕು.

ದುಃಖಕ್ಕೆ ಕಾರಣವಿದೆ ಎಂಬುದು ಎರಡನೆಯ ಆರ್ಯಸತ್ಯ. ಕಾಂಡದ ಮೇಲೆ ಇರುವೆ ಸಾಲು ಇದೆಯೇ? ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊರುತ್ತವೆ. ಆ ದಾರಿ ತಪ್ಪಿಸಿ. ಒತ್ತಾದ ರೆಂಬೆ ಸವರಿ ಗಾಳಿಯಾಡಲು ಬಿಡಿ. ಹೆಚ್ಚು ಹತ್ತಿದ ಕುಡಿ ಕತ್ತರಿಸಿ ತೆಗೆಯಿರಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ.

ಇನ್ನೊಂದು ಮಾತು. ಹಿಟ್ಟುತಿಗಣೆಯನ್ನೇ ತಿಂದು ಬದುಕುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಇದೆ. ಅದರ ಮರಿಯೂ ಬೆಳ್ಳಗೆ, ಥೇಟ್ ತಿಗಣೆಯಂತೆಯೇ. ಆದರೆ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಸಿಟ್ಟಿನಲ್ಲಿ ಹೊಸಕಿದರೆ ಸಾಯುವುದು ನಮ್ಮ ಗೆಳೆಯ. ಹುಟ್ಟು ನೋಡಿ ತೀರ್ಪು ಕೊಟ್ಟವರಿಂದ ನಾವು ಎಷ್ಟು ನೊಂದಿದ್ದೇವೆ! ನೋಡದೆ ತೀರ್ಪು ಕೊಡುವ ತಪ್ಪು ನಮ್ಮ ಕೈಯಿಂದ ಆಗದಿರಲಿ.

ಇಂದಿನ ಅಭ್ಯಾಸ: ಔಷಧಿ ಹೊಡೆಯುವ ಮುನ್ನ ಐದು ನಿಮಿಷ ಗಿಡದ ಮುಂದೆ ಕೂತು ನೋಡಿ. ಸಮ್ಯಕ್ ದೃಷ್ಟಿ ಅಲ್ಲಿಂದಲೇ ಶುರು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙