ಎಳೆದವರು, ಎಳೆಸಿದವರು

ದಿಮ್ಮಿ ಎಳೆಯುವ ಇಕ್ಕಳದಲ್ಲಿ ಬೆರಗಾಗುವಂಥದ್ದು ಮೇಲ್ನೋಟಕ್ಕೆ ಏನೂ ಇಲ್ಲ. ಕತ್ತರಿಯ ಹಾಗೆ ಒಂದೇ ಮೊಳೆಯ ಮೇಲೆ ತಿರುಗುವ ಎರಡು ಬಾಗಿದ ಕಬ್ಬಿಣದ ತೋಳುಗಳು, ತುದಿಯಲ್ಲಿ ಚೂಪಾದ ಹಲ್ಲು, ತಲೆಯಲ್ಲಿ ಸರಪಳಿ ಸಿಕ್ಕಿಸಲು ಒಂದು ಬಳೆ. ದಿಮ್ಮಿಯ ಮೂತಿಗೆ ಅದನ್ನು ಕಚ್ಚಿಸಿ ಟ್ರ್ಯಾಕ್ಟರನ್ನು ನಿಧಾನವಾಗಿ ಮುಂದೆ ಬಿಡಬೇಕು, ಅಷ್ಟೇ. ಎಳೆದಷ್ಟೂ ಹಲ್ಲು ಮರದೊಳಗೆ ಇಳಿಯುತ್ತದೆ. ಸರಪಳಿ ಸಡಿಲವಾದರೆ ಹಿಡಿತವೂ ಸಡಿಲ. ಎರಡು ಅಡಿ ಅಡ್ಡಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಎಂದರೆ ಸುಮಾರು 31 ಘನ ಅಡಿ. ಹಸಿ ಮರ ನೀರಿನಷ್ಟೇ ತೂಗುತ್ತದೆ ಎಂದು ಹಿಡಿದರೂ 890 ಕಿಲೋ ಹತ್ತಿರ. ಅಷ್ಟನ್ನು ನೆಲದ ಮೇಲೆ ಎಳೆಯುವಾಗ ಹಲ್ಲು ಜಾರಿದರೆ ಕಬ್ಬಿಣ ಯಾರ ಕಡೆಗೆ ಸಿಡಿಯುತ್ತದೆಂದು ಹೇಳಲಾಗದು. ಹಾಗಾಗಿ ಸರಪಳಿಯ ನೇರದಲ್ಲಿ ಅನುಭವಸ್ಥರು ನಿಲ್ಲುವುದಿಲ್ಲ.

ಈ ದಿಮ್ಮಿಗಾಗಿ ಮರ ಕಡಿಯುವ ಕಸುಬಿಗೆ ಜೈನರ ಪಾಪದ ಪಟ್ಟಿಯಲ್ಲಿ ಒಂದು ಹೆಸರಿದೆ. ವನಕರ್ಮ.

ಗೃಹಸ್ಥನಾದ ಜೈನ ಯಾವ ಕಸುಬುಗಳಿಂದ ದೂರವಿರಬೇಕು ಎಂದು ಶ್ವೇತಾಂಬರರ ‘ಉಪಾಸಕದಶಾಂಗ’ ಹದಿನೈದನ್ನು ಎಣಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ಗಾಡಿ ಮಾಡುವುದು, ಗಾಡಿಯನ್ನೂ ದನವನ್ನೂ ಬಾಡಿಗೆಗೆ ಬಿಡುವುದು ಎಲ್ಲವೂ ಅದರಲ್ಲಿವೆ. ಹಾಸನದ ಸಾಮಿಲ್ಲಿಗೆ ಬಂದು ಬೀಳುವ ಒಂದು ದಿಮ್ಮಿಯ ಹಿಂದೆ ಹೋದರೆ ಇವುಗಳಲ್ಲಿ ಎರಡಾದರೂ ಕಸುಬು ಎದುರಾಗುತ್ತವೆ. ಅರಕಲಗೂಡಿನ ಕಡೆಗೆ ಹೋದರೆ ಬೆಂಕಿಯೂ ಸೇರಿಕೊಳ್ಳುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬರುವ ಹೊಗೆಸೊಪ್ಪನ್ನು ಬ್ಯಾರನ್‌ಗಳಲ್ಲಿ ಹದ ಮಾಡಲು ಸೌದೆ ಬೇಕು.

ಈ ಪಟ್ಟಿಯನ್ನು ಮೆಚ್ಚದವರೂ ಇದ್ದರು. 13ನೇ ಶತಮಾನದ ದಿಗಂಬರ ಪಂಡಿತ ಆಶಾಧರ ತನ್ನ ‘ಸಾಗಾರಧರ್ಮಾಮೃತ’ದಲ್ಲಿ, ಕೆಲವರು ಹೀಗೆ ಕಸುಬುಗಳನ್ನು ಎಣಿಸುತ್ತಾರೆ, ಅದು ಚೆನ್ನಲ್ಲ, ಹಿಂಸೆಯ ಕಸುಬುಗಳು ಲೆಕ್ಕಕ್ಕೆ ಸಿಗುವಂಥವಲ್ಲ ಎನ್ನುತ್ತಾನೆ. ತೀರಾ ಮಂದಬುದ್ಧಿಯವರಿಗೆ ಬೇಕಾದರೆ ಪಟ್ಟಿ ಹೇಳಿಕೊಡಬಹುದಂತೆ. ಪಂಡಿತನ ಈ ಸಿಡುಕಿನಲ್ಲಿ ನ್ಯಾಯವಿದೆ. ಮರ ಕಡಿಯುವವನನ್ನು ಹೆಸರು ಹಿಡಿದು ಕರೆದ ಪಟ್ಟಿ, ಆ ಮರದ ಬಾಗಿಲು ತೆಗೆದು ಒಳಗೆ ಹೋಗುವವನ ಬಗ್ಗೆ ಸುಮ್ಮನಿದೆ.

ಹಿಂಸೆ ಎಲ್ಲಿ ಶುರುವಾಗುತ್ತದೆ ಎಂಬುದೂ ಅಷ್ಟು ಸುಲಭದ ಪ್ರಶ್ನೆಯಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಗೆ ಮುಖ್ಯವಾದದ್ದು ಮರದ ಜಾತಿ: ಕೆಲವನ್ನು ಕಡಿಯಲು ಅನುಮತಿ ಬೇಕು, ಸಿಲ್ವರ್ ಓಕ್, ನೀಲಗಿರಿ, ತೆಂಗಿನಂಥವಕ್ಕೆ ವಿನಾಯಿತಿ ಉಂಟು. ಜೈನರ ಲೆಕ್ಕ ಇಂದ್ರಿಯಗಳದು. ಬೀಟೆಯಾಗಲಿ ನೀಲಗಿರಿಯಾಗಲಿ, ಮರ ಏಕೇಂದ್ರಿಯ ಜೀವ. ಆದರೆ ದಿಮ್ಮಿ ಉಜ್ಜಿಕೊಂಡು ಹೋಗುವ ನೆಲದಲ್ಲಿರುವ ಎರೆಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು. ಈ ಲೆಕ್ಕದಲ್ಲಿ ಕಡಿಯುವುದಕ್ಕಿಂತ ಎಳೆಯುವುದೇ ದೊಡ್ಡ ಹಿಂಸೆಯಾದೀತು. ಇಕ್ಕಳವನ್ನು ತುಸು ಎತ್ತರದಿಂದ ಎಳೆದರೆ ದಿಮ್ಮಿಯ ಮೂತಿ ಮೇಲೆದ್ದು ನೆಲ ಉಳುವುದು ಕಡಿಮೆಯಾಗುತ್ತದೆ. ಡ್ರೈವರ್ ಅದನ್ನು ಡೀಸೆಲ್ ಉಳಿಸಲು ಮಾಡುತ್ತಾನೆ. ಉಳಿದ ಇರುವೆ ಯಾರ ಪುಣ್ಯವೋ.

ಗೃಹಸ್ಥನಿಗೆ ದಿಗಂಬರ ಪರಂಪರೆ ಒಂದು ರಿಯಾಯಿತಿ ಕೊಟ್ಟಿದೆ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಒಂದು; ಮನೆವಾರ್ತೆಯ ಆರಂಭೀ, ಹೊಟ್ಟೆಪಾಡಿನ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ ಹಿಂಸೆಗಳು ಬೇರೆ. ಮೊದಲನೆಯದನ್ನು ಬಿಡಲೇಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಕೂಲಿಗಾಗಿ ಇಕ್ಕಳ ಹಿಡಿದವನು ಮೂರನೆಯ ಸಾಲಿಗೆ ಸೇರುತ್ತಾನೆ, ನಿಜ. ಆದರೆ ಎಳೆಸಿದವನು ಯಾವ ಸಾಲಿಗೆ?

ಇದಕ್ಕೆ ಉತ್ತರ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿದೆ. ಕೆಲಸಕ್ಕೆ ಮೂರು ಹಂತ: ಮಾಡಬೇಕೆಂದುಕೊಳ್ಳುವ ಸಂರಂಭ, ಸಲಕರಣೆ ಹೊಂದಿಸುವ ಸಮಾರಂಭ, ಕೈಹಾಕುವ ಆರಂಭ. (ಮದುವೆ ಕಾಗದದಲ್ಲಿ ಅಚ್ಚಾಗುವ ಸಮಾರಂಭಕ್ಕೆ ಇಂಥದೊಂದು ಅರ್ಥವಿದೆಯೆಂದು ಯಾರಿಗೆ ನೆನಪಿರುತ್ತದೆ!) ಅದಕ್ಕೆ ಮನಸ್ಸು, ಮಾತು, ಮೈ ಎಂಬ ಮೂರು, ತಾನೇ ಮಾಡಿದ್ದು (ಕೃತ), ಮಾಡಿಸಿದ್ದು (ಕಾರಿತ), ಒಪ್ಪಿಕೊಂಡದ್ದು (ಅನುಮತ) ಎಂಬ ಮೂರು, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಗುಣಿಸಿದರೆ 108. ಇದರ ಪ್ರಕಾರ ಇಕ್ಕಳವನ್ನು ಗೂಟದಿಂದ ಇಳಿಸಿ ಟ್ರ್ಯಾಕ್ಟರಿಗೆ ಹಾಕಿದಾಗಲೇ ಕರ್ಮದ ಖಾತೆ ತೆರೆಯಿತು. ಅದರಲ್ಲಿ ಕೂಲಿಯ ಹೆಸರಿನ ಜೊತೆಗೆ ತೋಟದ ಯಜಮಾನ, ಮಿಲ್ಲಿನವನು, ಕಿಟಕಿಗೆ ಮರ ಬೇಕೆಂದು ಆರ್ಡರು ಕೊಟ್ಟವನು ಎಲ್ಲರ ಹೆಸರೂ ಏರುತ್ತವೆ.

ಕನ್ನಡಕ್ಕೆ ಈ ವ್ಯತ್ಯಾಸ ವ್ಯಾಕರಣದಲ್ಲೇ ಗೊತ್ತು. ಕಡಿ, ಕಡಿಸು, ಎಳೆ, ಎಳೆಸು, ಮಾಡು, ಮಾಡಿಸು. ಈ ಎರಡನೆಯ ರೂಪದ ಬಹು ಪ್ರಸಿದ್ಧ ಬಳಕೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನ, ಚಾವುಂಡರಾಯ ಇದನ್ನು ‘ಮಾಡಿಸಿದ’ ಎನ್ನುತ್ತದೆ. 981ರ ಸುಮಾರಿನ, 58 ಅಡಿಯ ಆ ಮೂರ್ತಿಯನ್ನು ಮಾಡಿದವರ ಹೆಸರು ಅಲ್ಲಿಲ್ಲ. ಮೂರ್ತಿಯ ಸುತ್ತಲಿನ ಸುತ್ತಾಲಯದ ಬಗೆಗಿನ ಸಾಲಿನಲ್ಲೂ ಹೊಯ್ಸಳ ದಂಡನಾಯಕ ಗಂಗರಾಜ ಮಾಡಿಸಿದ್ದೆಂದೇ ಇದೆ. ಪುಣ್ಯದ ವಿಷಯಕ್ಕೆ ಬಂದಾಗ ‘ಮಾಡಿಸಿದ’ ಎಂಬ ಕ್ರಿಯಾಪದಕ್ಕೆ ಕಲ್ಲಿನಲ್ಲಿ ಜಾಗ ಸಿಕ್ಕಿತು. ಪಾಪದ ಸಾಲಿಗೆ ಬಂದಾಗ ಅದೇ ಕ್ರಿಯಾಪದವನ್ನು ಯಾರೂ ಕೆತ್ತಿಸಲಿಲ್ಲ.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ನೋಟ ತುಸು ಬೇರೆ. 1246ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯಲ್ಲಿ ಮಾಡಿದವರಿಗೂ ಬಾಯಿ ಬಂದಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಅಲ್ಲಿ ಓದಬಹುದು. ಆ ಬಳಪದ ಕಲ್ಲನ್ನು ಊರಿನವರೆಗೆ ಎಳೆದು ತಂದವರು ಮಾತ್ರ ಅಲ್ಲೂ ಅನಾಮಿಕರು. ಕೆತ್ತುವುದು ಕಲೆ, ಎಳೆಯುವುದು ಕೂಲಿ ಎಂಬ ಗೆರೆ ಆಗಲೇ ಬಿದ್ದಿತ್ತು.

ಎಳೆಯುವವರ ಪರವಾಗಿ ಶಾಸ್ತ್ರ ಮಾತಾಡಿದ್ದು ಎತ್ತಿನ ಸಂಗತಿ ಬಂದಾಗ. ಗೃಹಸ್ಥನ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ, ಎಂದರೆ ಲೋಪಗಳಲ್ಲಿ, ಒಂದು ‘ಅತಿಭಾರಾರೋಪಣ’, ಅಂದರೆ ತಾಳುವುದಕ್ಕಿಂತ ಹೆಚ್ಚು ಭಾರ ಹೇರುವುದು. ಹಳ್ಳಿಕಾರ್ ಎತ್ತುಗಳ ಈ ಸೀಮೆಗೆ ಅದು ಬರೀ ಪುಸ್ತಕದ ಮಾತಾಗಿರಲಿಕ್ಕಿಲ್ಲ. 1965ರ ನಿಯಮ ಆ ಮಾತಿಗೆ ಗಂಟೆಯ ಲೆಕ್ಕ ಹಾಕಿತು. ಭಾರ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಹೂಡಬಾರದು. ಎತ್ತಿನ ಹಗ್ಗ ಹಿಡಿದು ಪಕ್ಕದಲ್ಲೇ ನಡೆಯುವವನ ಮಾತು ಆ ನಿಯಮದಲ್ಲಿಲ್ಲ. ಅದು ಪ್ರಾಣಿಗಳ ನಿಯಮವಲ್ಲವೇ.

ಅರಕಲಗೂಡಿನ ಗಡಿ ದಾಟಿದರೆ ಕೊಡಗು. ಅಲ್ಲಿನ ದುಬಾರೆ ಶಿಬಿರದ ಆನೆಗಳು ಒಂದು ಕಾಲಕ್ಕೆ ಅರಣ್ಯ ಇಲಾಖೆಯ ದಿಮ್ಮಿ ಎಳೆದವು. ಕೇರಳದಲ್ಲಿ ಆನೆಗೆ ದಿಮ್ಮಿ ಎಳೆಸುವ ಹಳೆಯ ರೀತಿಯೊಂದಿದೆ: ಮರಕ್ಕೆ ಕಟ್ಟಿದ ಹಗ್ಗವನ್ನು ಆನೆ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತದೆ. ಇಳಿಜಾರಿನಲ್ಲಿ ದಿಮ್ಮಿ ತನ್ನ ಮೇಲೇ ಉರುಳಿ ಬರುವಂತಾದರೆ ಬಾಯಿ ಬಿಟ್ಟುಬಿಡಬಹುದು. ಇಕ್ಕಳಕ್ಕೆ ಆ ಸ್ವಾತಂತ್ರ್ಯವಿಲ್ಲ. ದಿನಗೂಲಿಯವನಿಗೆ ಎಷ್ಟಿದೆ ಎಂಬುದು ಆ ದಿನ ಮನೆಯ ಅಕ್ಕಿ ಡಬ್ಬದಲ್ಲಿ ಏನು ಉಳಿದಿದೆ ಎಂಬುದರ ಮೇಲೆ ನಿಂತದ್ದು. ಕೃತ, ಕಾರಿತ, ಅನುಮತ ಎಂಬ ಮೂರೂ ಒಂದೇ ತೂಕವೇ ಎಂದು ಕೇಳುವವರು ಈ ಡಬ್ಬವನ್ನೂ ತಕ್ಕಡಿಗೆ ಇಡಬೇಕಾದೀತು. ಬಿಡಲು ಸಾಧ್ಯವಿದ್ದೂ ಬಿಡದವನು ಎಳೆಸಿದವನೇ ಹೊರತು ಎಳೆದವನಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಹಾಸನ ಜಿಲ್ಲೆಯಲ್ಲೇ ಮರ ಎಳೆಯುವುದು ಪುಣ್ಯವಾಗುವ ದಿನಗಳೂ ಇವೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಲಕ್ಷ್ಮೀನರಸಿಂಹನ ತೇರು, ಕಾವೇರಿಯ ದಡದ ರಾಮನಾಥಪುರದಲ್ಲಿ ಷಷ್ಠಿಗೆ ಸುಬ್ರಹ್ಮಣ್ಯನ ತೇರು. ಅಚ್ಚು, ಗಾಲಿ, ತೊಲೆ ಎಲ್ಲವೂ ಒಂದಾನೊಂದು ದಿನ ಕಾಡಿನಿಂದಲೋ ತೋಪಿನಿಂದಲೋ ಎಳೆದು ತಂದ ದಿಮ್ಮಿಗಳೇ. ಆಗ ಎಳೆದವರಿಗೆ ಕೂಲಿ ಸಿಕ್ಕಿತು. ಈಗ ಎಳೆಯಲು ನೂಕುನುಗ್ಗಲು. ತಹಶೀಲ್ದಾರರಿಂದ ಹಿಡಿದು ಮದುವೆಯಾದ ಹೊಸ ಜೋಡಿಯವರೆಗೆ ಎಲ್ಲರಿಗೂ ಹಗ್ಗಕ್ಕೊಮ್ಮೆ ಕೈ ತಾಗಿದರೆ ಸಾಕು. ಎಳೆಸಿದವರು ಬೇರೆ, ಎಳೆದವರು ಬೇರೆ ಎಂಬುದು ಆ ಅರ್ಧ ಗಂಟೆ ಇಲ್ಲವಾಗುತ್ತದೆ.

ಪೂರ್ತಿ ಇಲ್ಲವಾಗುತ್ತದೆ ಎನ್ನುವ ಹಾಗೂ ಇಲ್ಲ. ಗಾಲಿಯ ಪಕ್ಕದಲ್ಲಿ ಮರದ ಬೆಣೆ ಹಿಡಿದು ಬಗ್ಗಿಕೊಂಡೇ ನಡೆಯುವ ನಾಲ್ಕಾರು ಜನರಿರುತ್ತಾರೆ. ತೇರು ವಾಲಿದ ಕಡೆ ಬೆಣೆ ಕೊಟ್ಟು, ಗಾಲಿ ಅದರ ಮೇಲೇರುವ ಮುನ್ನ ಕೈ ಹಿಂದೆಗೆಯಬೇಕು. ಹಣ್ಣು, ದವನ ಎಸೆಯುವವರ ಕಣ್ಣು ಕಳಶದ ಮೇಲೆ. ಬೆಣೆಯವರ ಕಣ್ಣು ಗಾಲಿಯ ಮೇಲೆ. ತೇರು ನೆಲೆ ಸೇರುವವರೆಗೆ ಅವರು ತಲೆ ಎತ್ತಿ ದೇವರನ್ನು ನೋಡುವುದಿಲ್ಲ, ಹಗ್ಗವನ್ನೂ ಮುಟ್ಟುವುದಿಲ್ಲ.